ಮಲ್ಲಕ್ಕ ರೊಟ್ಟಿ ಬಡಿಯುವ ಸದ್ದು

ನಮ್ಮ ಕಡೆ ರೊಟ್ಟಿ ಮಾಡುವುದಿಲ್ಲ, ಬಡಿಯುತ್ತಾರೆ. ಬೆಂಗಳೂರು ಕಡೆಯವರು ತಟ್ಟುತ್ತಾರಂತೆ ಎಂದು ಯಾರೋ ಹೇಳಿದಾಗ ನನ್ನ ಅತ್ತೆ ಮಲ್ಲಕ್ಕ ಮೂಗು ಮುರಿದಿದ್ದರು. "ತಟ್ಟಿ ಮಲಗಸಾಕ ಅದೇನು ಕೂಸೇನವಾ? ಜ್ವಾಳದ ಹಿಟ್ಟು ಅದು. ಬಡದರ ಅಷ್ಟ ಮಾತು ಕೇಳತೈತಿ."

ಈ ಒಂದು ಮಾತಿನಿಂದಲೇ ಅತ್ತೆ ಬದುಕಿನ ಅರ್ಧ ವ್ಯವಹಾರ ಮುಗಿಸುತ್ತಾರೆ. ಸಿಡಿಲು ಬಡಿಯುತ್ತದೆ, ಗಾಳಿ ಬಡಿಯುತ್ತದೆ, ಆಗದವರಿಗೆ ಗರ ಬಡಿಯುತ್ತದೆ. ಮಳೆಯಲ್ಲಿ ಲೋಕಲ್ ರೈಲು ನಿಂತು ಮಗ ತಡವಾಗಿ ಬಂದರೆ ಅವರ ಎದೆ ಬಡಿದುಕೊಳ್ಳುತ್ತದೆ. ನಾನು ಹಾಲು ಉಕ್ಕಿಸಿದರೆ "ಎಷ್ಟ ಬಡಕೊಂಡೆ, ಒಲಿ ಕಡೆ ನೋಡು ಅಂತ" ಎನ್ನುತ್ತಾರೆ. ಮುಂಬಯಿಗೆ ಬಂದು ಇಷ್ಟು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ "ಬಡಿದಾಡಿದೆ" ಎಂದಷ್ಟೇ ಹೇಳುತ್ತಾರೆ. ಅದರಲ್ಲಿ ಅಡುಗೆಯೂ ಬಂತು, ಬಾಳುವೆಯೂ ಬಂತು.

ನಾನು ಶೈಲಾ, ಅವರ ಸೊಸೆ. ನಮ್ಮಪ್ಪ ಬೆಳಗಾವಿಯವರು, ದಾದರ್‌ನಲ್ಲಿ ಸಣ್ಣ ಬಟ್ಟೆ ಅಂಗಡಿ. ನಾನು ಹುಟ್ಟಿದ್ದು, ಕನ್ನಡ ಶಾಲೆಗೆ ಹೋಗಿದ್ದು ಎಲ್ಲ ಇಲ್ಲೇ. ನಮ್ಮ ತವರಿನಲ್ಲಿ ಲಟ್ಟಣಿಗೆ ಹಿಡಿದು ಚಪಾತಿ ಲಟ್ಟಿಸುತ್ತಿದ್ದೆವು. ಸದ್ದಿಲ್ಲದ ಅಡುಗೆ. ಇಂಥವಳು ಮಲ್ಲಕ್ಕನ ಮನೆ ಸೇರಿದ ಮೊದಲ ಬೆಳಗ್ಗೆ, ನಸುಕಿನಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಕೂತೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅತ್ತೆ ಒಲೆಯ ಮುಂದೆ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಅವರ ಕೈ ನಿಂತಾಗಲೂ ಸದ್ದು ಮಾತ್ರ ನಿಲ್ಲಲಿಲ್ಲ. ಅದು ಗೋಡೆಯ ಆ ಕಡೆಯಿಂದ ಬರುತ್ತಿತ್ತು.

"ಆ ಮನ್ಯಾಗ ಯಾರ ಅದಾರ ಅತ್ತಿ?" ಎಂದು ಕೇಳಿದೆ.

"ಯಾರಿಲ್ಲ" ಎಂದರು ಅತ್ತೆ, ಮುಖ ಎತ್ತದೆ.

ಆಗ ಮನೆಯಿದ್ದದ್ದು ಮಲಾಡ್ ಪೂರ್ವದ ಒಂದು ಚಾಳಿನಲ್ಲಿ, ಒಂಟಿ ಕೋಣೆಯ ಮನೆಗಳ ಸಾಲಿನಲ್ಲಿ. ಯಾರಿಲ್ಲ ಎಂದು ಅತ್ತೆ ಹೇಳಿದ ಆ ಪಕ್ಕದ ಖೋಲಿಯಲ್ಲಿ ನಾಗವ್ವ ಇದ್ದಳು, ಗಂಡ ಇದ್ದ, ಮಗ ಇದ್ದ, ರೂಪಾಲಿ ಎಂಬ ಮಗಳಿದ್ದಳು. ಗೋಡೆ ಎಂದರೆ ಹೆಸರಿಗೆ ಗೋಡೆ. ಒಂದು ಪ್ಲೈವುಡ್ ಹಲಗೆ, ಎರಡೂ ಕಡೆ ಸುಣ್ಣ. ಇತ್ತ ಸೀನಿದರೆ ಅತ್ತ ಕೇಳುತ್ತಿತ್ತು. ಅಂಥ ಗೋಡೆಯ ಆ ಕಡೆಯವಳ ಜೊತೆ ಅತ್ತೆ ಹದಿನೈದು ಹದಿನಾರು ವರ್ಷ ಒಂದು ಮಾತೂ ಆಡಿರಲಿಲ್ಲ.

ಅದಕ್ಕೆ ಮುಂಚೆ ಇಬ್ಬರೂ ಅಕ್ಕತಂಗಿಯರಿಗಿಂತ ಹೆಚ್ಚಾಗಿದ್ದರಂತೆ. ಮಲ್ಲಕ್ಕ ಸಿಂದಗಿ ಕಡೆಯವರು, ನಾಗವ್ವ ಇಂಡಿ ಕಡೆಯವಳು. ಇಬ್ಬರೂ ಹೊಸ ಮದುವಣಗಿತ್ತಿಯರಾಗಿ ಒಂದೇ ಚಾಳಿಗೆ ಬಂದವರು. ಹಿಂದಿ ಬಾರದು, ಮರಾಠಿ ಬಾರದು. ಸಂತೆಗೆ ಜೊತೆಯಾಗಿ ಹೋಗುವುದು, ಕೊಳಾಯಿಯ ಸಾಲಿನಲ್ಲಿ ಒಬ್ಬಳ ಕೊಡ ಇನ್ನೊಬ್ಬಳು ಕಾಯುವುದು. ಬೆಳಗ್ಗೆ ಮಲ್ಲಕ್ಕನ ರೊಟ್ಟಿ ಹಂಚಿಗೆ ಹೋದಾಗ ನಾಗವ್ವನ ಕೈ ಶುರುವಾಗಬೇಕು, ಅವಳ ರೊಟ್ಟಿ ಹಂಚಿಗೆ ಹೋದಾಗ ಇವರ ಕೈ. ಹಾಗೆ ಗೋಡೆಗೆ ಆಚೀಚೆ ಕೂತು ಇಬ್ಬರೂ ಬುಟ್ಟಿ ತುಂಬಿಸುತ್ತಿದ್ದರಂತೆ. ಚಾಳಿನವರಿಗೆ ಅಲಾರಾಂ ಬೇಕಿರಲಿಲ್ಲ.

ನನ್ನ ಮಾವ ಬಂಡೆಪ್ಪ ಕಟ್ಟಡದ ಸೆಂಟ್ರಿಂಗ್ ಕೆಲಸದವರು. ಕಾಮಾಲೆ ಆಗಿ, ತಿಂಗಳು ಮಲಗಿ, ಒಂದು ನಸುಕಿಗೆ ಹೋಗಿಬಿಟ್ಟರು. ನನ್ನ ಗಂಡ ಶರಣು ಆಗ ಹತ್ತು ವರ್ಷದ ಹುಡುಗ. ಊರಿನಿಂದ ಮಾವನ ಅಣ್ಣ ಬಂದು ಮುಖ ನೋಡುವವರೆಗೆ ಹೆಣ ಎತ್ತುವಂತಿರಲಿಲ್ಲ. ಅವರು ಬಂದದ್ದು ಸಂಜೆಗೆ. ಸಾಲಿನಲ್ಲಿ ಹೆಣ ಇರುವಾಗ ಯಾರ ಮನೆಯಲ್ಲೂ ಒಲೆ ಹೊತ್ತಿಸಬಾರದು. ಊರು ಬಿಟ್ಟು ಬಂದರೂ ಈ ಒಂದು ಪದ್ಧತಿಯನ್ನು ಚಾಳಿನ ನಮ್ಮ ಮಂದಿ ಬಿಟ್ಟಿರಲಿಲ್ಲ.

ಆವತ್ತು ಮಧ್ಯಾಹ್ನ, ಗಂಡನ ತಲೆಯ ಹತ್ತಿರ ಕೂತಿದ್ದ ಮಲ್ಲಕ್ಕನಿಗೆ ಗೋಡೆಯ ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಎದ್ದರು. ಹಿಡಿಯಲು ಬಂದ ಹೆಂಗಸರನ್ನು ಕೊಡವಿಕೊಂಡು ನಾಗವ್ವನ ಬಾಗಿಲಿಗೆ ಹೋದರು. ಇಡೀ ಸಾಲು ನೋಡುತ್ತಿರುವಾಗ ಕೂಗಿದರಂತೆ: "ನನ್ನ ಗಂಡನ ಹೆಣದ ಮುಂದ ರೊಟ್ಟಿ ಬಡೀತಿಯೇನ? ನಿನ್ನ ಕೈ ಬಿದ್ದು ಹೋಗಲಿ!"

ನಾಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದವಳು ಏನೂ ಹೇಳಲಿಲ್ಲವಂತೆ. ಒಳಗೆ ಹೋಗಿ ಸ್ಟೋವ್ ಆರಿಸಿದಳು. ಅಲ್ಲಿಗೆ ಮಾತು ನಿಂತಿತು.

ಆಮೇಲೆ ಅತ್ತೆ ರೊಟ್ಟಿ ಬಡಿದೇ ಮಗನನ್ನು ಬೆಳೆಸಿದರು. ನಮ್ಮ ಕಡೆಯ ಕೂಲಿಯವರು ಊಟ ಮಾಡುವ ಒಂದು ಖಾನಾವಳಿಗೆ ದಿನಾ ಬುಟ್ಟಿಗಟ್ಟಲೆ ರೊಟ್ಟಿ ಕೊಟ್ಟರು. ಬಲ ಅಂಗೈ ಗಟ್ಟಿಯಾಗಿ ಹೋಗಿದೆ. ಈಗಲೂ ಬಿಸಿ ಹಂಚನ್ನು ಬರಿಗೈಯಲ್ಲಿ ಸರಿಸುತ್ತಾರೆ, ನನಗೆ ನೋಡಲಾಗುವುದಿಲ್ಲ. ನಾಗವ್ವನೂ ತನ್ನ ಮನೆಗೆ ಬಡಿಯುತ್ತಲೇ ಇದ್ದಳು. ಮಾತು ಬಿಟ್ಟ ಮೇಲೂ ಇವರ ಕೈ ನಿಂತಾಗ ಅವಳ ಕೈ, ಅವಳದು ನಿಂತಾಗ ಇವರದು. ಇದನ್ನು ನಾನು ಎರಡು ವರ್ಷ ಕಿವಿಯಾರೆ ಕೇಳಿದ್ದೇನೆ. ಒಂದು ದಿನ ಅತ್ತಲಿಂದ ಸದ್ದು ಬರದಿದ್ದರೆ ಅತ್ತೆಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. "ನೀರು ಬಂದಾವೇನು ನೋಡಿ ಬಾ, ಹೋಗು" ಎಂದು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಆ ಹೊತ್ತಿಗಾಗಲೇ ನೀರು ನಮ್ಮ ಒಳಗಿನ ಕೊಳಾಯಿಗೇ ಬರುತ್ತಿತ್ತು! ನಾನು ನಾಗವ್ವನ ಕಿಟಕಿಯಲ್ಲಿ ಇಣುಕಿ, "ಜ್ವರ ಬಂದಂಗೈತಿ, ಮಲಗ್ಯಾರ" ಎಂದು ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಆ ದಿನ ಅತ್ತೆಯ ರೊಟ್ಟಿಗಳೆಲ್ಲ ದಪ್ಪ.

"ಅಷ್ಟು ಜೀವ ಹೊಡಕೊಂಡರ ಹೋಗಿ ಮಾತಾಡ್ರಲಾ" ಎಂದು ಒಮ್ಮೆ ಅಂದೆ.

"ಮಾತಾಡಾಕತ್ತೇವಲಾ, ಕೇಳಸವಲ್ದೇನ ನಿನಗ?" ಎಂದು ಗೋಡೆಯ ಕಡೆ ಗಲ್ಲ ತೋರಿಸಿದರು. ಹಟಮಾರಿ ಹೆಂಗಸು. ಆದರೆ ಆ ಮಾತು ನನಗೆ ಆಗ ಬಹಳ ಚೆಂದ ಕಂಡಿತ್ತು. ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವುದೆಂದಾಯಿತು. ಎಲ್ಲರೂ ಅಲ್ಲಲ್ಲಿ ಬಾಡಿಗೆ ಹಿಡಿದರು. ನಾಗವ್ವನ ಮಗ ಹೊಸ ಬಿಲ್ಡಿಂಗಿನಲ್ಲಿ ಸಿಗಬೇಕಿದ್ದ ತನ್ನ ಪಾಲು ಬಿಟ್ಟುಕೊಟ್ಟು ಡೊಂಬಿವಲಿಯಲ್ಲಿ ಮನೆ ಕೊಂಡ. ಅವರ ಟೆಂಪೊ ಬಂದ ಮಧ್ಯಾಹ್ನ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಸಾಮಾನು ತುಂಬಿಯಾದ ಮೇಲೂ ನಾಗವ್ವ ಹತ್ತಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಸೆರಗು ಹಿಡಿದುಕೊಂಡು ನಿಂತಿದ್ದಳು, ನಮ್ಮ ಬಾಗಿಲ ಕಡೆ ಒಮ್ಮೆ, ಬೀದಿಯ ಕಡೆ ಒಮ್ಮೆ ನೋಡುತ್ತ. ನಾನು ಒಳಗೆ ಓಡಿ, "ಅತ್ತಿ, ಹೊಂಟಾರ, ಬರ್ರಿ" ಎಂದೆ. ಅತ್ತೆ ಹಿಟ್ಟು ನಾದುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಯಾರಿಗಾಗಿ ನಾದುತ್ತಿದ್ದರೋ! "ಕೈಗೆ ಹಿಟ್ಟ ಹತ್ತೈತಿ" ಎಂದರು. ಟೆಂಪೊ ಹೋಯಿತು. ಆ ಸಂಜೆ ಅವರು ಆ ಹಿಟ್ಟಿನಿಂದ ರೊಟ್ಟಿ ಮಾಡಲೂ ಇಲ್ಲ, ಅದು ಹುಳಿ ಹಿಡಿದು ಹೋಯಿತು.

ಹೋದ ವರ್ಷ ನಮಗೆ ಆ ಹೊಸ ಬಿಲ್ಡಿಂಗಿನ ಏಳನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಲಿಫ್ಟ್ ಇದೆ, ಟೈಲ್ಸ್ ಇದೆ, ಒಳಗೇ ಸಂಡಾಸವಿದೆ. ಶರಣು ಅಂಧೇರಿಯ ಕಡೆ ಎ.ಸಿ. ರಿಪೇರಿ ಮಾಡುತ್ತಾನೆ, ಅವನಿಗೆ ಓಡಾಟಕ್ಕೂ ಸುಲಭ. ಅತ್ತೆ ಮೊದಲ ದಿನವೇ ಅಡುಗೆಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. "ಈ ಗ್ವಾಡಿ ಸತ್ತೈತಿ" ಎಂದರು.

ಮೇಲಾಗಿ ಇಲ್ಲಿ ರೊಟ್ಟಿ ಬಡಿಯುವುದೇ ಒಂದು ರಗಳೆಯಾಯಿತು. ಕೆಳಗಿನ ಮಹಡಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗುವ ಹುಡುಗರಿದ್ದಾರೆ, ಎಲ್ಲೋ ಉತ್ತರದ ಕಡೆಯವರು. ಒಂದು ಬೆಳಗ್ಗೆ ವಾಚ್‌ಮನ್ ಬಂದು ಬೆಲ್ ಒತ್ತಿದ. ಅತ್ತೆಯನ್ನು ಬಿಟ್ಟು ನನ್ನ ಮುಖವನ್ನೇ, ಕೈಗಳನ್ನೇ ಎವೆಯಿಕ್ಕದೆ ನೋಡಿದ. ಆಮೇಲೆ ಮೆಲ್ಲಗೆ, "ಭಾಭೀ, ಘರ್ ಮೇಂ ಮಾರ್‌ಪೀಟ್ ಹೋತಾ ಹೈ ಕ್ಯಾ?" ಎಂದ. ದಿನಾ ಬೆಳಗಾದರೆ ಅತ್ತೆ ಸೊಸೆಯನ್ನು ಬಡಿಯುತ್ತಾಳೆಂದು ಆ ಹುಡುಗರು ದೂರು ಕೊಟ್ಟಿದ್ದರು. ನಾನು ನಕ್ಕು ನಕ್ಕು ಸುಸ್ತಾದೆ. ಅವನ ಕೈಯಲ್ಲಿ ಒಂದು ಬಿಸಿ ರೊಟ್ಟಿ ಇಟ್ಟು ಕಳಿಸಿದೆ. ಅತ್ತೆ ನಗಲಿಲ್ಲ. ಮರುದಿನದಿಂದ ಹಲಗೆಯ ಕೆಳಗೆ ಹಳೆಯ ಕಂಬಳಿ ಮಡಿಸಿ ಹಾಕಿಕೊಂಡರು. ರೊಟ್ಟಿ ಆಗುತ್ತಿತ್ತು, ಸದ್ದು ಸತ್ತಿತ್ತು. ಒಂದು ರೊಟ್ಟಿ ಹಂಚಿಗೆ ಹಾಕಿ ಇನ್ನೊಂದು ಉಂಡೆ ತೆಗೆದುಕೊಳ್ಳುವ ಮೊದಲು ಅತ್ತೆ ಸುಮ್ಮನೆ ಕೂರುತ್ತಿದ್ದರು. ಯಾರದೋ ಸರದಿ ಮುಗಿಯಲಿ ಎಂದು ಬಿಟ್ಟುಕೊಟ್ಟ ಹಾಗೆ.

ಈ ಶ್ರಾವಣದಲ್ಲಿ ಪಂಚಮಿಗೆಂದು ಎಳ್ಳು, ಸಜ್ಜೆ ತರಲು ದಾದರ್‌ಗೆ ಹೋಗಿದ್ದೆ. ಮಾರ್ಕೆಟ್ಟಿನ ಗದ್ದಲದಲ್ಲಿ ಯಾರೋ "ವೈನೀ" ಎಂದು, ಅತ್ತಿಗೆಯನ್ನು ಕರೆಯುವ ಹಾಗೆ, ಕೂಗಿದರು. ನೋಡಿದರೆ ನಾಗವ್ವನ ಮಗಳು ರೂಪಾಲಿ.

"ಆಯಿ ಹೆಂಗದಾರ?" ಎಂದು ಅವಳ ತಾಯಿಯ ಬಗ್ಗೆ ಕೇಳಿದೆ.

"ಆಯಿಗೆ ಲಕ್ವಾ ಆತು ವೈನಿ, ದೋ ಮಹೀನೇ ಹೋ ಗಯೇ" ಎಂದಳು. ಅವಳ ಕನ್ನಡ ಯಾವಾಗಲೂ ಹಾಗೆ, ಅರ್ಧ ದಾರಿಯಲ್ಲಿ ಗಾಡಿ ಬದಲಿಸುತ್ತದೆ. "ಮಾತು ಥೋಡಾ ತೊದಲತೈತಿ, ಬಾಕಿ ಠೀಕ್ ಐತಿ. ಬಲಗೈ ಮಾತ್ರ ಏಳಂಗಿಲ್ಲ. ರೊಟ್ಟಿ ಬಂದ್."

ಅವಳ ನಂಬರು ಬರೆದುಕೊಂಡೆ. ಮಲಾಡ್‌ವರೆಗೂ ಲೋಕಲಿನಲ್ಲಿ ನಿಂತೇ ಬಂದೆ. ಹೇಳಲೋ ಬೇಡವೋ ಎಂದು ಒದ್ದಾಡಿ, ರಾತ್ರಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ನಾಗವ್ವಗ ಲಕ್ವಾ ಬಡಿದೈತಿ, ಬಲಗೈ ಹೋಗೈತಿ ಎಂದೆ.

ಅತ್ತೆಯ ಕೈಯ ತುತ್ತು ತಟ್ಟೆಗೆ ಬಿತ್ತು.

"ನನ್ನ ಬಾಯಿ ಬಡೀತು ಆಕಿಗೆ" ಎಂದರು.

"ಇಷ್ಟು ವರ್ಷ ಬಿಟ್ಟು ಶಾಪ ಬಡೀತದೇನ ಯವ್ವಾ? ಬಿ.ಪಿ. ಇದ್ದೀತು" ಎಂದ ಶರಣು. ಅತ್ತೆಯ ಮುಖ ನೋಡಿ ಅವನ ದನಿ ಇಳಿಯಿತು. ತಟ್ಟೆ ಪಕ್ಕಕ್ಕೆ ಸರಿಸಿದ. "ಯವ್ವಾ, ಒಂದ ಮಾತ ಹೇಳೂದೈತಿ. ಆವತ್ತ ಆಕಿ ತನಗಂತ ಒಲಿ ಹಚ್ಚಿರಲಿಲ್ಲ. ನಾ ಆಕಿ ಮನ್ಯಾಗಿದ್ದೆ, ನನಗ ಹಸಿವಾಗಿತ್ತು. ಪಾವ್ ತಂದುಕೊಟ್ಟರ ಒಲ್ಲೆ ಅಂದೆ, ರೊಟ್ಟೀನ ಬೇಕು ಅಂತ ಅತ್ತೆ. ನಾ ಅತ್ತದ್ದಕ್ಕ ಆಕಿ ಬಡದಳು. ನೀ ಬಾಗಲದಾಗ ನಿಂತು ಬೈಯೂವಾಗ ನಾ ಒಳಗ ತಿನ್ನಾಕತ್ತಿದ್ದೆ."

ಅತ್ತೆ ತಟ್ಟೆಗೆ ಬಿದ್ದ ತುತ್ತನ್ನೇ ನೋಡುತ್ತ ಹೇಳಿದರು.

"ಗೊತ್ತೈತಿ."

"ಏನ ಗೊತ್ತೈತಿ?"

"ಹೆಣ ಎತ್ತಿದ ಮ್ಯಾಲೆ ನಿನ್ನ ತಬ್ಬಿಕೊಂಡು ಅತ್ತೆ ನೋಡು, ನಿನ್ನ ಬಾಯಾಗ ರೊಟ್ಟಿಗೆ ಹಚ್ಚಿ ತಿನ್ನೂ ಅಗಸಿ ಹಿಂಡಿ ವಾಸನಿ ಬಂತು. ಆ ಹಿಂಡಿ ನಮ್ಮ ಸಾಲಿನಾಗ ಆಕಿ ಒಬ್ಬಾಕಿನ ಕುಟ್ಟತಿದ್ದಳು. ಆವತ್ತ ತಿಳೀತು ನನಗ."

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ, ಗಂಡ ಎಂದು ನೋಡಲಿಲ್ಲ. "ಮತ್ತ ಯಾಕ ಹೇಳಲಿಲ್ಲ? ತಾಯಿಗೂ ಗೊತ್ತು, ಮಗಗೂ ಗೊತ್ತು, ಇಬ್ಬರೂ ಬಾಯಿಗೆ ಬೀಗ ಹಾಕಿ ಕುಂತೀರಿ! ಅಂಥ ಉಪಕಾರ ಮಾಡಿದಾಕಿಗೆ ತಪ್ಪಾತು ಅನ್ನಾಕ ನಿಮಗೇನಾಗಿತ್ತು?" ಎಂದು ಒಂದೇ ಸಮನೆ ಬಡಕೊಂಡೆ. ಅತ್ತೆ ತಿರುಗಿ ಬೈಯಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ಊರ ಮಂದಿ ಮುಂದ ಕೈ ಬೀಳಲಿ ಅಂದಿದ್ದೆ, ಶೈಲಾ. ಅದೇ ಕೈಲೆ ನನ್ನ ಕೂಸಿಗೆ ಉಣಿಸಿದ್ದಳು. ಗೊತ್ತಾಗಲಿಲ್ಲಂದ್ರ ಸಿಟ್ಟು ಇಳಿದ ದಿನ ಹೋಗಿ ಮಾತಾಡತಿದ್ದೆನೇನೋ. ಗೊತ್ತಾತು, ಅದಕ್ಕ ಹೋಗಲಿಲ್ಲ. ನಾಚಿಕಿ ಬಂತು. ಒಂದ ದಿನ ತಡಾ ಆತು, ಎರಡ ದಿನ ತಡಾ ಆತು, ಆಮ್ಯಾಲೆ ಮಾತ ಗಂಟಲದಾಗ ಬೇರ ಬಿಟ್ಟು ಕುಂತಬಿಡ್ತು."

"ನಾಳೆ ಡೊಂಬಿವಲಿಗೆ ಹೋಗೂಣು, ಏಳ್ರಿ."

"ಆಕಿ ಬಿದ್ದ ಕೈ ಮುಂದ ನಾ ಯಾವ ಮಾರಿ ತಗೊಂಡು ಹೋಗಿ ನಿಲ್ಲಲಿ?"

ಅತ್ತೆ ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಪಂಚಮಿಯ ಮುನ್ನಾದಿನ, ನಮ್ಮ ಕಡೆಯ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಪಲ್ಯ, ಹಿಂಡಿ ಇಟ್ಟು ಮನೆಮನೆಗೆ ಬೀರುವ, ಅಂದರೆ ಹಂಚುವ, ದಿನ. ಮಾತು ಬಿಟ್ಟ ಮೇಲೆ ಚಾಳಿನಲ್ಲಿ ಅಷ್ಟು ವರ್ಷ ಅತ್ತೆ ಎಲ್ಲರ ಮನೆಗೂ ಬೀರಿದ್ದಾರೆ, ಒಂದು ಮನೆ ಬಿಟ್ಟು. ನಾನು ಏಳುವ ಹೊತ್ತಿಗೆ ಅತ್ತೆ ಸ್ನಾನ ಮುಗಿಸಿ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದರು. ಹಲಗೆಯ ಕೆಳಗಿನ ಕಂಬಳಿ ತೆಗೆದು ಮೂಲೆಗೆ ಎಸೆದಿದ್ದರು.

"ವಾಚ್‌ಮನ್ ಬರ್ತಾನ ಅತ್ತಿ."

"ಬರಲಿ. ನೀ ರೂಪಾಲಿಗೆ ಫೋನ ಹಚ್ಚು. ನಾಗವ್ವನ ಕಿವಿಗೆ ಹಿಡೀಲಿಕ್ಕೆ ಹೇಳು. ನಾ ಮಾತಾಡಂಗಿಲ್ಲ. ಬಡೀತೀನಿ. ಆಕಿ ಕೈ ಇಲ್ಲಂದ್ರ ಏನಾತು, ನನ್ನ ಕೈ ಕೇಳಲಿ. ಆಕಿಗೆ ಎಲ್ಲಾ ತಿಳೀತದ."

ನನ್ನ ಕಣ್ಣು ತುಂಬಿ ಬಂತು. ಎಂಥ ಉಪಾಯ ಎನಿಸಿತು. ಫೋನ್ ಹಚ್ಚಿ ರೂಪಾಲಿಗೆ ಹೇಳಿದೆ, ಯಾರದೆಂದು ಆಯಿಗೆ ತಿಳಿಸಬೇಡ ಎಂದೂ ಅಂದೆ. ಅವಳು ಆಯಿಯ ಕಿವಿಯ ಹತ್ತಿರ ಸ್ಪೀಕರ್ ಹಾಕಿ ಹಿಡಿದಳು. ನಾನೂ ಸ್ಪೀಕರ್ ಹಾಕಿ ಫೋನನ್ನು ಹಲಗೆಯ ಪಕ್ಕಕ್ಕೇ ಇಟ್ಟೆ. ಅತ್ತೆ ಸೆರಗು ಬಿಗಿದು ಶುರು ಮಾಡಿದರು. ಅಬ್ಬಾ, ಆ ಬಡಿತ! ಪಾತ್ರೆಗಳು ಅದುರಿದವು. ರೊಟ್ಟಿ ತಿರುಗುತ್ತ ತಿರುಗುತ್ತ ಚಂದ್ರನ ಹಾಗೆ ಅಗಲವಾಯಿತು. ಹಂಚಿಗೆ ಹಾಕಿ, ಕೈ ನಿಲ್ಲಿಸಿ, ಫೋನಿನ ಕಡೆ ನೋಡಿದರು.

"ಹಲೋ?" ಎಂದಿತು ತೊದಲುವ ದನಿ. "ಯಾರ? ಯಾಕ ಸುಮ್ಮನದೀರಿ?"

ಅತ್ತೆ ಇನ್ನೊಂದು ಉಂಡೆ ತೆಗೆದುಕೊಂಡು ಮೊದಲಿಗಿಂತ ಜೋರಾಗಿ ಬಡಿದರು.

"ರೂಪಾ, ಏನೂ ಕೇಳಸವಲ್ದವಾ."

ಸದ್ದು ಕೇಳಿ ಎದ್ದು ಬಂದ ಶರಣು ವಿಷಯ ತಿಳಿದು ತಲೆ ಕೆರೆದುಕೊಂಡ. "ಹಿಂಗ ಕೇಳಂಗಿಲ್ಲ ಯವ್ವಾ. ಈ ಫೋನ ಮಂದಿ ಮಾತ ಅಷ್ಟ ದಾಟಸ್ತದ. ಉಳದದ್ದೆಲ್ಲಾ ಗದ್ದಲ ಅಂತ ತೆಗದ ಒಗೀತದ."

ಅತ್ತೆ ಹಿಟ್ಟಿನ ಕೈ ಎತ್ತಿ ಹಿಡಿದುಕೊಂಡು ಹಾಗೇ ಕೂತರು. ಆ ಕಡೆಯಿಂದ, "ಯಾರೂ ಇಲ್ಲ ಕಾಣತೈತಿ, ಇಡು" ಎಂದಿತು ನಾಗವ್ವನ ದನಿ. ನಾನು ಅತ್ತೆಯ ಮುಖ ನೋಡಿದೆ. ಟೆಂಪೊ ಹೋದ ದಿನದ ಮುಖವೇ. ಈ ಸಲವೂ ಕೈಗೆ ಹಿಟ್ಟು ಹತ್ತೈತಿ ಎಂದರೆ ನಾನು ಇವರನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ.

"ನಾಗವ್ವಾ" ಎಂದರು ಅತ್ತೆ.

ಫೋನಿನ ಕಡೆ ಬಗ್ಗಿದರು.

"ನಾನವಾ, ಮಲ್ಲಿ. ಆವತ್ತ ನನ್ನ ಮಗಗ ನೀ ಉಣಿಸಿದ್ದಿ. ಅದು ಆವತ್ತ ನನಗ ತಿಳೀತು. ತಿಳಿದೂ ಬಾಯಿ ಬಿಡಲಿಲ್ಲ. ಕೈ ಬೀಳಲಿ ಅಂದಿದ್ದೆ. ತಪ್ಪಾತವಾ. ನಂದು ತಪ್ಪಾತು."

ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಯಾರೂ ಮುಟ್ಟಲಿಲ್ಲ. ನಾಗವ್ವ ಅಳುತ್ತಿದ್ದಾಳೋ, ಮಾತು ಕೂಡಿಸಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಶಬ್ದ ಬಂತು.

"ಮಲ್ಲೀ... ಅಷ್ಟು ವರ್ಷ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ದೆ. ಇದೊಂದ ಮಾತಿಗೆ. ನೀ ಬರೇ ರೊಟ್ಟಿ ಬಡಿದಿ."

ಅತ್ತೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಗೋಡೆಯ ಮಾತಿನ ಚೆಂದದ ಕಥೆ ಊರೆಲ್ಲ ಹೇಳಿಕೊಂಡು ತಿರುಗಿದ ನನಗೂ ತಲೆ ಎತ್ತಲು ಆಗಲಿಲ್ಲ. ಶರಣು ಒಲೆ ಆರಿಸಿದ.

"ಈಗ ಬರಲೇನ?" ಎಂದರು ಅತ್ತೆ, ಬಾಯಿಯ ಮೇಲಿನ ಕೈ ತೆಗೆದು. "ಲೋಕಲ್ ಹಿಡದ ಬರ್ತೀನಿ. ದಾದರ್‌ನಾಗ ಗಾಡಿ ಬದಲಿಸಿದರ ಆತು. ರೊಟ್ಟಿ ತರ್ತೀನಿ."

"ಬರೂವಂತಿ, ಬಾ" ಎಂದಳು ನಾಗವ್ವ. "ಮೊದಲ ಅದನ್ನ ಇನ್ನೊಮ್ಮೆ ಹೇಳು."

ಅತ್ತೆ ಇನ್ನೊಮ್ಮೆ ಹೇಳಿದರು.